ಎಂಟಕ್ಕೆ ನಾಲ್ಕು ಸಾಕು

ಮನೆಯ ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಾಚಾರಕ್ಕೆ ಕೊಡುವ ಬೊಯಿಂಕ್ ತಂತ್ರಾಂಶ ಹಾಕಿದಂದಿನಿಂದ ಫ್ಯಾನ್ ಒಂದೇ ಸಮನೆ ಕೂಗುತ್ತಿದೆ, ಇದರಿಂದ ವಿಜ್ಞಾನಕ್ಕೆ ಆಗುವುದೇನು, ತೆಗೆದುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. 2010ರಲ್ಲಿ ಬೊಯಿಂಕ್ ಮೂಲಕವೇ ನಡೆಯುವ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಯ ಸ್ವಯಂಸೇವಕರ ಕಂಪ್ಯೂಟರುಗಳು ಅರೆಸಿಬೊ ದೂರದರ್ಶಕದ ದತ್ತಾಂಶದಲ್ಲಿ ಹೊಸ ಪಲ್ಸಾರ್ ಒಂದನ್ನು ಪತ್ತೆ ಹಚ್ಚಿದವು. ಅವುಗಳಲ್ಲಿ ಒಂದು ಅಮೆರಿಕದ ಅಯೋವಾದ ದಂಪತಿಯದು.

ನಿಮ್ಮ ಪ್ರೊಸೆಸರ್‌ನಲ್ಲಿ ನಿಜಕ್ಕೂ ಇರುವುದು 4 ಕೋರ್. ಹೈಪರ್‌ಥ್ರೆಡಿಂಗ್‌ನಿಂದಾಗಿ 8 ಎಂದು ಕಾಣುತ್ತದೆ. ಬೊಯಿಂಕ್ ಆ ಎಂಟಕ್ಕೂ ಒಂದೊಂದು ಕೆಲಸ ಹಚ್ಚುತ್ತದೆ, ಪ್ರತಿಯೊಂದಕ್ಕೂ ಪ್ರತ್ಯೇಕ ಮೆಮೊರಿ ಬೇಕು. 8 ಜಿಬಿ ರ‍್ಯಾಮ್ ಇರುವ ಯಂತ್ರ ತಡವರಿಸುವುದು ಸಹಜವೇ. ಸೆಟ್ಟಿಂಗ್‌ನಲ್ಲಿ ಬಳಸುವ ಸಿಪಿಯುಗಳ ಪ್ರಮಾಣವನ್ನು ಶೇ 50ಕ್ಕೆ ಇಳಿಸಿ. ಅಲ್ಲೇ ಇರುವ ಸಿಪಿಯು ಸಮಯದ ಮಿತಿಯನ್ನು ಮಾತ್ರ ಶೇ 100ರಲ್ಲೇ ಬಿಡಿ. ಅದನ್ನು ತಗ್ಗಿಸಿದರೆ ಲೆಕ್ಕಾಚಾರ ಆಗಾಗ ನಿಂತು ಹೊರಡುತ್ತದೆ, ಚಿಪ್‌ನ ಬಿಸಿಯೂ ಏರಿಳಿಯುತ್ತಿರುತ್ತದೆ, ನನಗದು ಸರಿಕಾಣದು. ನೀವು ಕಂಪ್ಯೂಟರ್ ಬಳಸುವಾಗ ಕೆಲಸ ನಿಲ್ಲಿಸುವ ಆಯ್ಕೆಯನ್ನೂ ಗುರುತು ಮಾಡಿ.

ಕರೆಂಟ್ ಬಿಲ್ಲಿನ ಲೆಕ್ಕ: ಹೆಚ್ಚುವರಿ 50 ವ್ಯಾಟ್ ಹಗಲೂ ರಾತ್ರಿ ಎಳೆದರೆ ತಿಂಗಳಿಗೆ 36 ಯೂನಿಟ್. ಅದು ಭಾರವೆನಿಸಿದರೆ ರಾತ್ರಿ ಕೆಲವು ಗಂಟೆ ಮಾತ್ರ ಓಡುವಂತೆ ವೇಳೆ ನಿಗದಿ ಮಾಡಿ, ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆ ನೋಡಿಕೊಳ್ಳಿ.