ಮಳೆಗಾಲದ ಗೊರಸು ಕೊಳೆ: ಮೊದಲು ನೆಲ ಒಣಗಿಸಿ, ಆಮೇಲೆ ಔಷಧಿ

ಮಳೆ ಹಿಡಿದು ಹತ್ತು ಹದಿನೈದು ದಿನ ಆಯ್ತು ಅಂದ್ರೆ ಕುರಿ ಸಾಕಿದವರದ್ದು ಒಂದೇ ಪ್ರಶ್ನೆ: “ಕುರಿ ಕುಂಟ್ತಾ ಇದೆ, ಏನು ಹಚ್ಚಬೇಕು?” ಔಷಧಿ ಇದೆ. ಆದರೆ ಕೊಟ್ಟಿಗೆ ಕೆಸರಾಗಿಯೇ ಇದ್ದರೆ ವಾಸಿಯಾದ ಕಾಲು ಮತ್ತೆ ಕೊಳೆಯುತ್ತೆ. ಕುಂಟುವ ಕುರಿ ಸರಿಯಾಗಿ ಮೇಯಲ್ಲ, ತೂಕ ಇಳಿಯುತ್ತೆ, ಮರಿಗೆ ಹಾಲು ಸಾಲಲ್ಲ. ಕೊನೆಗೆ ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತೆ.

ಕಾಲುಬಾಯಿ ಜ್ವರವೇ, ನೋಡಿಕೊಳ್ಳಿ

ಗೊರಸು ಕೊಳೆಯಲ್ಲಿ ಬೆರಳ ಸಂದು ಕೆಂಪಾಗಿ, ಬೂದು ಬಣ್ಣದ ಲೋಳೆ ಕಟ್ಟಿ ಗಬ್ಬು ವಾಸನೆ ಬರುತ್ತೆ. ಆಮೇಲೆ ಹಿಮ್ಮಡಿ ಕಡೆಯಿಂದ ಗೊರಸು ಬಿಟ್ಟುಕೊಳ್ಳುತ್ತೆ. ನೋವು ಜಾಸ್ತಿಯಾದರೆ ಕುರಿ ಮೊಣಕಾಲೂರಿ ಮೇಯುತ್ತೆ. ಜ್ವರ, ಜೊಲ್ಲು, ಬಾಯಲ್ಲಿ ಗುಳ್ಳೆ, ಒಟ್ಟಿಗೇ ಹಲವು ಕುರಿ ಅಥವಾ ದನ ಕುಂಟುವುದು ಕಂಡರೆ ಕಾಲುಬಾಯಿ ಜ್ವರದ ಅನುಮಾನ. ಕುರಿಗಳಲ್ಲಿ ಬಾಯಿ ಹುಣ್ಣು ಕಣ್ಣಿಗೆ ಬೀಳದಷ್ಟು ಚಿಕ್ಕದಿರಬಹುದು. ಅನುಮಾನ ಇದ್ದರೆ ಮಂದೆ ಹೊರಗೆ ಬಿಡದೆ ಪಶುವೈದ್ಯರನ್ನು ಕರೆಸಿ.

ಯಾಕೆ ಬರುತ್ತೆ?

ಕೆಸರಲ್ಲಿ ನೆನೆದು ಬೆರಳ ಸಂದಿನ ಚರ್ಮ ಮೆತ್ತಗಾದಾಗ ಸಗಣಿಯಲ್ಲಿರುವ ಒಂದು ಬ್ಯಾಕ್ಟೀರಿಯಾ ದಾರಿ ಮಾಡಿಕೊಡುತ್ತೆ. ಗೊರಸನ್ನು ಕೊಳೆಸುವ ಇನ್ನೊಂದು ಬ್ಯಾಕ್ಟೀರಿಯಾ ಅದರ ಹಿಂದೆ ಸೇರಿಕೊಳ್ಳುತ್ತೆ. ಎರಡೂ ಗಾಳಿ ಸಿಗದ ಜಾಗದಲ್ಲೇ ಬೆಳೆಯುವಂಥವು. ಹಾಗಾಗಿ ಗ್ರೀಸು, ಸುಟ್ಟ ಆಯಿಲ್ ಮೆತ್ತಿ ಬಟ್ಟೆ ಬಿಗಿದು ಕಟ್ಟಿದರೆ ರೋಗಕ್ಕೇ ಅನುಕೂಲ.

ಚಿಕಿತ್ಸೆ ಹೀಗೆ

1. ಕುಂಟುವ ಕುರಿಗಳನ್ನು ಬೇರೆ ಮಾಡಿ ಒಣ ಜಾಗದಲ್ಲಿ ಕಟ್ಟಿ.
2. ಗೊರಸು ತೊಳೆದು, ಸಡಿಲವಾಗಿ ನೇತಾಡುವ ಭಾಗ ಮಾತ್ರ ತೆಗೆಯಿರಿ. ರಕ್ತ ಬರುವಂತೆ ಕತ್ತರಿಸಿದರೆ ವಾಸಿಯಾಗೋದು ತಡ. ಒಂದು ಕುರಿಗೆ ಬಳಸಿದ ಚಾಕು ಶುದ್ಧ ಮಾಡದೆ ಇನ್ನೊಂದಕ್ಕೆ ಬಳಸಬೇಡಿ.
3. ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಇಲ್ಲೂ ಉಪಯೋಗ. 10 ಲೀಟರ್ ನೀರಿಗೆ 1 ಕಿಲೋ ಕರಗಿಸಿ, ಗೊರಸು ಮುಳುಗುವಷ್ಟು ಆಳಕ್ಕೆ ಅಗಲದ ಟ್ರೇಗೆ ಸುರಿದು 15 ನಿಮಿಷ ನಿಲ್ಲಿಸಿ. ಬಾಯಾರಿದ ಕುರಿ ಅದನ್ನೇ ಕುಡಿದೀತು, ಅದಕ್ಕೇ ಮೊದಲು ನೀರು ಕುಡಿಸಿ.
4. ಆಮೇಲೆ ಒಂದು ಗಂಟೆಯಾದರೂ ಒಣ ನೆಲದ ಮೇಲೆ ನಿಲ್ಲಲಿ. ವಾರಕ್ಕೊಮ್ಮೆ 3–4 ಸಲ ಮಾಡಿ.

ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮನೇಲಿದೆ ಅಂತ ಅದನ್ನು ಬಳಸೋಕೆ ಹೋಗಬೇಡಿ. ತಾಮ್ರ ಕುರಿಗೆ ವಿಷ. ಕುಡಿದರೆ ಜೀವಕ್ಕೇ ಅಪಾಯ. ಉಳಿದ ಜಿಂಕ್ ನೀರನ್ನೂ ಬಾವಿ, ಕೆರೆ, ಎರೆಗೊಬ್ಬರದ ತೊಟ್ಟಿ ಹತ್ತಿರ ಚೆಲ್ಲಬೇಡಿ.

ಗೊರಸು ಆಳವಾಗಿ ಬಿಟ್ಟುಕೊಂಡಿದ್ದರೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬೇಕಾಗುತ್ತೆ. ಸಾವಯವದವರು ಅಂತ ಪ್ರಾಣಿಗೆ ನೋವು ಉಳಿಸೋದು ಬೇಡ. ವೈದ್ಯರ ಕೈಲೇ ಕೊಡಿಸಿ, ಹಾಲು, ಮಾಂಸ ಎಷ್ಟು ದಿನ ಬಿಡಬೇಕು ಅಂತ ಕೇಳಿಕೊಳ್ಳಿ.

ಮತ್ತೆ ಬರದಂತೆ

ಗೊರಸು ಕೊಳೆಸುವ ಬ್ಯಾಕ್ಟೀರಿಯಾ ಮಣ್ಣಲ್ಲಿ ಹೆಚ್ಚು ದಿನ ಬದುಕಲ್ಲ, ಸಾಮಾನ್ಯವಾಗಿ ಒಂದೆರಡು ವಾರ ಅಷ್ಟೇ. ಆದರೆ ರೋಗದ ಗೊರಸಿನೊಳಗೆ ತಿಂಗಳುಗಟ್ಟಲೆ ಇರುತ್ತೆ. ಅಂದ್ರೆ ರೋಗ ಉಳಿಸಿಕೊಳ್ಳೋದು ಕುಂಟುವ ಕುರಿ, ಹರಡೋದು ಕೆಸರು. ಕೊಟ್ಟಿಗೆ ನೆಲ ಎತ್ತರಿಸಿ ಇಳಿಜಾರು ಕೊಡಿ, ನೀರಿನ ತೊಟ್ಟಿ ಸುತ್ತ ಜಲ್ಲಿ ಹಾಕಿ, ಕುಂಟುವ ಕುರಿ ಓಡಾಡಿದ ಜಾಗಕ್ಕೆ ಎರಡು ವಾರ ಮಂದೆ ಬಿಡಬೇಡಿ. ಸಂತೆಯಿಂದ ತಂದ ಹೊಸ ಕುರಿಯ ನಾಲ್ಕೂ ಕಾಲು ಎತ್ತಿ ನೋಡಿ, 3–4 ವಾರ ಪ್ರತ್ಯೇಕವಾಗಿಡಿ. ಎಷ್ಟು ಚಿಕಿತ್ಸೆ ಮಾಡಿದರೂ ಪದೇ ಪದೇ ಕುಂಟುವ ಕುರಿಯನ್ನು ಮಂದೆಯಲ್ಲಿ ಇಟ್ಟುಕೊಳ್ಳದಿರೋದೇ ಒಳ್ಳೇದು.