ವೈದ್ಯಪದವಿ, ಸಂಶೋಧನಪದವಿ ಎರಡನ್ನೂ ಬಯಸುವ ವಿದ್ಯಾರ್ಥಿನಿಗೆ

ನಮ್ಮ ಶಾಲೆಯಲ್ಲಿ ಓದಿ ಹೋದವರ ಮನೆಗಳಿಂದ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆಯು ಮೇಲಿಂದ ಮೇಲೆ ನಮ್ಮನ್ನು ಮುಟ್ಟುತ್ತಿದೆ. ಮಗಳು ವಿಜ್ಞಾನದಲ್ಲಿ ಮುಂದಾಗಿದ್ದಾಳೆ. ಎರಡು ಬೇಸಗೆಗಳನ್ನು ಪ್ರಯೋಗಶಾಲೆಯಲ್ಲಿ ಕಳೆದಿದ್ದಾಳೆ. ಆದರೆ ಆಸ್ಪತ್ರೆಯ ಒಳಗನ್ನು ಅಷ್ಟಾಗಿ ಕಂಡವಳಲ್ಲ. ಎಂ.ಡಿ. ಮತ್ತು ಪಿಎಚ್.ಡಿ. ಎರಡನ್ನೂ ಒಂದೇ ವ್ಯಾಸಂಗಕ್ರಮದಲ್ಲಿ ಕೊಡುವ ವಿದ್ಯಾಲಯಕ್ಕೆ ಅವಳು ಅರ್ಜಿ ಹಾಕಬಹುದೇ? ಪ್ರಶ್ನೆಯು ಗಂಭೀರವಾದುದರಿಂದ ಅದನ್ನು ಇಲ್ಲಿ ತುಸು ವಿವರವಾಗಿ ವಿಚಾರಿಸುತ್ತೇವೆ.

ಮೊದಲು ದೇಶಭೇದವನ್ನು ತಿಳಿಯತಕ್ಕದ್ದು. ನಮ್ಮಲ್ಲಿ ಪಿ.ಯು.ಸಿ. ಮುಗಿದೊಡನೆ ನೀಟ್ ಪರೀಕ್ಷೆಯ ಮೂಲಕ ಎಂ.ಬಿ.ಬಿ.ಎಸ್. ತರಗತಿಗೆ ಸೇರುತ್ತಾರೆ, ನಾಲ್ಕೂವರೆ ವರ್ಷಗಳ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಎಂ.ಡಿ.ಯೂ ಪಿಎಚ್.ಡಿ.ಯೂ ಅದರ ಮೇಲಿನವು. ಹೀಗಾಗಿ ಇಲ್ಲಿನ ಅಭ್ಯರ್ಥಿಗೆ ರೋಗಿಗಳ ಪರಿಚಯಕ್ಕೆ ಕೊರತೆಯಿರದು. ಕೊರತೆಯಿದ್ದರೆ ಅದು ಸಂಶೋಧನೆಯದು. ಅದನ್ನು ನೀಗಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೧೯೭೯ರಲ್ಲಿಯೇ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಸಂಶೋಧನಾ ವೇತನವನ್ನು ಆರಂಭಿಸಿತು. ರಾಜಾಜಿನಗರದ ಮಗ್ಗುಲಲ್ಲಿಯೇ ಇರುವ ಭಾರತೀಯ ವಿಜ್ಞಾನ ಮಂದಿರವು ೨೦೨೨ರಲ್ಲಿ ಸ್ನಾತಕೋತ್ತರ ವೈದ್ಯಶಾಲೆಯನ್ನೂ ೮೦೦ ಹಾಸಿಗೆಗಳ ಆಸ್ಪತ್ರೆಯನ್ನೂ ಕಟ್ಟುವ ಸಂಕಲ್ಪವನ್ನು ಪ್ರಕಟಿಸಿದಾಗ, ಈ ಜೋಡಿ ಪದವಿಯೇ ಅದರ ಮುಖ್ಯ ಉದ್ದೇಶವೆಂದು ಹೇಳಿತು.

ಅಮೆರಿಕದಲ್ಲಿ ಕ್ರಮವು ಬೇರೆ. ಅಲ್ಲಿ ಕಾಲೇಜಿನ ಪದವಿಯ ಬಳಿಕವೇ ವೈದ್ಯವಿದ್ಯೆ. ಸರ್ಕಾರದ ಆರೋಗ್ಯಸಂಸ್ಥೆಯು ೧೯೬೪ರಲ್ಲಿ ಜೋಡಿ ಪದವಿಗೆ ಧನಸಹಾಯವನ್ನು ತೊಡಗಿತು. ಮೊದಲಿಗೆ ವೈದ್ಯಕೀಯ ಪಾಠಗಳು, ನಡುವೆ ಮೂರು ನಾಲ್ಕು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಸಂಶೋಧನೆ, ಕಡೆಗೆ ಮರಳಿ ರೋಗಿಗಳ ಬಳಿ, ಹೀಗೆ ಒಟ್ಟು ಏಳೆಂಟು ವರ್ಷಗಳು ಸಲ್ಲುತ್ತವೆ. ಆ ಸರ್ಕಾರಿ ಹಣವು ಅಲ್ಲಿನ ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಮೀಸಲು. ಅನೇಕ ವಿದ್ಯಾಲಯಗಳು ಅಭ್ಯರ್ಥಿಯು ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲಿ ಓದಿರಬೇಕೆಂದೂ ಕೇಳುತ್ತವೆ. ಆದುದರಿಂದ ವಿಜಯನಗರದಲ್ಲಿ ಕುಳಿತು ಬಿ.ಎಸ್‌ಸಿ. ಮುಗಿಸಿದ ಹುಡುಗಿಗೆ ಆ ಬಾಗಿಲು ಬಹು ಕಿರಿದು. ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ನಮಗೆ ಒಪ್ಪಿತವಲ್ಲ. ಪರದೇಶದಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರ ಹೆಣ್ಣುಮಕ್ಕಳಿಗೆ ಅದು ತೆರೆದೇ ಇದೆ. ಅವರ ಮುಂದೆಯೇ ಈ ಅನುಭವದ ಪ್ರಶ್ನೆಯು ಬಂದು ನಿಲ್ಲುವುದು.

ಸಂಶೋಧನೆಗೆ ಹೊರಟವಳು ರೋಗಿಯ ಬಳಿ ಏಕೆ ಕುಳಿತಿರಬೇಕು? ಇದಕ್ಕೆ ಕುಷ್ಠರೋಗದ ಚರಿತ್ರೆಗಿಂತ ಒಳ್ಳೆಯ ಉತ್ತರವು ನಮಗೆ ತೋರುವುದಿಲ್ಲ. ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು ೧೮೭೩ರಲ್ಲಿಯೇ ಆ ರೋಗದ ಕ್ರಿಮಿಯನ್ನು ಕಂಡನು. ಆದರೂ ಆ ಕ್ರಿಮಿಯನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಬೆರಳುಗಳು ಸವೆದು ಹೋಗುವುದು ಮಾಂಸವೇ ತಾನಾಗಿ ಕೊಳೆಯುವುದರಿಂದ ಎಂದು ಬಹುಕಾಲ ಜನರು ನಂಬಿದ್ದರು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಎಂಬವರು ಚೆಂಗಲ್ಪಟ್ಟಿನ ಕುಷ್ಠಾಶ್ರಮವನ್ನು ನೋಡಲು ಹೋದಾಗ, ಬೆರಳುಗಳು ಮಡಿಚಿಹೋಗಿದ್ದ ಒಬ್ಬ ರೋಗಿಯ ಕೈಯಲ್ಲಿ ತಮ್ಮ ಕೈಯನ್ನಿಟ್ಟು ಹಿಸುಕುವಂತೆ ಹೇಳಿದರು. ಆ ಹಿಡಿತದ ಬಲಕ್ಕೆ ಅವರು ನೋವಿನಿಂದ ಕೂಗುವಂತಾಯಿತು. ಈ ಕೈಯಲ್ಲಿ ಶಕ್ತಿಯುಳ್ಳ ಸ್ನಾಯುಗಳು ಇನ್ನೂ ಇವೆಯಲ್ಲವೇ ಎಂಬ ಯೋಚನೆಯು ಅಲ್ಲಿಂದ ಹೊರಟಿತು. ಆ ಸ್ನಾಯುಗಳ ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ ಬೆರಳುಗಳನ್ನು ಬಿಡಿಸುವ ಶಸ್ತ್ರಕ್ರಿಯೆಯೂ, ನೋವು ತಿಳಿಯದೆ ಆಗುವ ಗಾಯಗಳೇ ಬೆರಳುಗಳನ್ನು ತಿನ್ನುತ್ತವೆ ಎಂಬ ತಿಳಿವಳಿಕೆಯೂ ಅದೇ ದಾರಿಯಲ್ಲಿ ಬೆಳೆದವು. ಇದು ಸೂಕ್ಷ್ಮದರ್ಶಕದಲ್ಲಿ ಕಾಣುವ ಸಂಗತಿಯಲ್ಲ. ಹಾಗೆಂದು ಪ್ರಯೋಗಶಾಲೆಯನ್ನು ಹಗುರವಾಗಿ ಎಣಿಸಲೂ ಬಾರದು. ಒಂದೇ ಔಷಧಕ್ಕೆ ಕ್ರಿಮಿಯು ಜಗ್ಗದೆ ಹೋದಾಗ, ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳ ಕೂಡುಚಿಕಿತ್ಸೆಯನ್ನು ವಿಧಿಸುವಂತಾದುದು ಅದರ ಬಲದಿಂದಲೇ.

ಅರ್ಜಿಯನ್ನು ಪರೀಕ್ಷಿಸುವ ಮಂಡಲಿಯು ತಿಳಿಯಲಿಚ್ಛಿಸುವುದೂ ಇದನ್ನೇ. ಸಾಮಾನ್ಯ ಪ್ರಬಂಧವಲ್ಲದೆ ಇನ್ನೆರಡನ್ನು ಬರೆಯಬೇಕು: ಎರಡು ಪದವಿಗಳೂ ಏಕೆ ಬೇಕು ಎಂಬುದಕ್ಕೆ ೩,೦೦೦ ಅಕ್ಷರಗಳು, ಮಾಡಿದ ಸಂಶೋಧನೆಯ ವಿವರಕ್ಕೆ ೧೦,೦೦೦ ಅಕ್ಷರಗಳು. ಈ ಅಳತೆಯಿಂದಲೇ ತೂಕವು ಯಾವ ಕಡೆಗೆ ಎಂಬುದು ತಿಳಿಯುವುದು. ಪ್ರಯೋಗಶಾಲೆಯ ಅನುಭವವು ದೀರ್ಘವಾಗಿದ್ದು ಆಸ್ಪತ್ರೆಯ ಅನುಭವವು ಅಲ್ಪವಾಗಿದ್ದರೆ ಅಷ್ಟಕ್ಕೇ ಅರ್ಜಿಯು ಬಿದ್ದುಹೋಗದು. ಆದರೆ ಅಲ್ಪವೆಂಬುದು ಬೇರೆ, ಇಲ್ಲವೆಂಬುದು ಬೇರೆ. ಏನೂ ಇಲ್ಲದವಳನ್ನು, ಬರಿಯ ಪಿಎಚ್.ಡಿ. ನಿನಗೆ ಸಾಲದೇಕೆ ಎಂದು ಕೇಳಿದರೆ ಅವಳು ಏನನ್ನು ಹೇಳಬಲ್ಲಳು?

ಗಂಟೆಗಳನ್ನು ಎಣಿಸಿ ತುಂಬುವ ಆತುರವನ್ನು ನಾವು ಮೆಚ್ಚುವುದಿಲ್ಲ. ರಜೆಯ ಹದಿನೈದು ದಿನಗಳು ಬಂಧುವೊಬ್ಬರ ಆಸ್ಪತ್ರೆಯಲ್ಲಿ ಅವರ ಹಿಂದೆ ಹಿಂದೆ ಅಡ್ಡಾಡಿ ಪ್ರಮಾಣಪತ್ರವನ್ನು ತರುವುದಕ್ಕಿಂತ, ವಾರಕ್ಕೊಂದು ಬೆಳಿಗ್ಗೆಯಂತೆ ಒಂದು ವರ್ಷ ಒಂದೇ ಸ್ಥಳಕ್ಕೆ ಹೋಗುವುದು ಲೇಸು. ನಮ್ಮ ಪಡುವಣ ಬಡಾವಣೆಗಳಲ್ಲಿ ಇದಕ್ಕೆ ಸ್ಥಳಗಳಿಲ್ಲದಿಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಕ್ರೈಸ್ತ ಸಭೆಯವರು ಕಟ್ಟಿದ ಸಂಸ್ಥೆಯಿದೆ. ಬಸವೇಶ್ವರನಗರದ ಮನೆಯಿಂದ ಅದು ದೂರವಲ್ಲ. ಮೇಲ್ಸೇತುವೆಯ ಹೆಸರಾಗಿಯೇ ಆ ಊರನ್ನು ಬಲ್ಲವರು ನಮ್ಮಲ್ಲಿ ಹೆಚ್ಚು. ರಾಜಾಜಿನಗರದಲ್ಲಿ ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆಯೂ, ಕೆಂಗೇರಿಯ ಕಡೆ ಮೈಸೂರು ರಸ್ತೆಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಮೊದಲು ಅಧಿಕಾರಿಗಳಿಗೆ ಬರೆದು ಒಪ್ಪಿಗೆಯನ್ನು ಕೇಳಬೇಕು. ಒಪ್ಪದಿದ್ದರೆ ಮತ್ತೊಂದು ಸ್ಥಳವನ್ನು ನೋಡಬೇಕು. ಬೇಸಗೆಗೆ ಅಜ್ಜಿಯ ಮನೆಗೆ ಬರುವ ಮೊಮ್ಮಗಳಿಗೂ ಇದೇ ಮಾತು. ಆದರೆ ಅವಳ ವರ್ಷದ ಕೆಲಸವು ತನ್ನ ಊರಿನಲ್ಲಿಯೇ ನಡೆಯತಕ್ಕದ್ದು.

ಅಲ್ಲಿ ಮಾಡಬೇಕಾದುದೇನು? ಕೇಳಿದವರಿಗೆ ನೀರು ಕೊಡುವುದು, ಕಾಗದ ಓದಿ ಹೇಳುವುದು, ಕನ್ನಡ ಮಾತ್ರ ಬಲ್ಲ ವೃದ್ಧೆಯ ಮಾತನ್ನು ಪರಸ್ಥಳದ ದಾದಿಗೆ ತಿಳಿಸುವುದು, ಉಳಿದ ಹೊತ್ತು ಸುಮ್ಮನೆ ಕುಳಿತು ನೋಡುವುದು. ಸೂಜಿಮದ್ದು ಕೊಡುವುದು, ಹೊಲಿಗೆ ಹಾಕುವುದು ಮುಂತಾದ ಕಲಿಯದ ಕೆಲಸಗಳನ್ನು ಯಾರು ಕೈಗಿತ್ತರೂ ಮಾಡಕೂಡದು. ಅದು ರೋಗಿಗೆ ಅನ್ಯಾಯ; ಪರದೇಶದಲ್ಲಿ ಹಾಗೆ ಮಾಡಿದೆನೆಂದು ಬರೆದುಕೊಳ್ಳುವ ಅಭ್ಯರ್ಥಿಗಳ ವಿಷಯದಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ಸ್ಪಷ್ಟವಾದ ಎಚ್ಚರಿಕೆಯನ್ನು ಕೊಟ್ಟಿದೆ. ದಿನದಿನದ ಸಂಗತಿಗಳನ್ನು ರೋಗಿಯ ಹೆಸರು ಕಾಣಿಸದೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಮಾತ್ರೆಯು ಉಚಿತವಾಗಿ ದೊರೆತರೂ ಒಬ್ಬಳು ಏಕೆ ನಿಲ್ಲಿಸಿದಳು, ಕಾಲಿನ ಹುಣ್ಣು ಮಾಗಿದ ಮೂರನೆಯ ತಿಂಗಳಲ್ಲಿ ಏಕೆ ಮರಳಿತು ಎಂಬಂಥ ಪ್ರಶ್ನೆಗಳು ಅದರಲ್ಲಿ ತಾವಾಗಿ ಕೂಡುವುವು. ಪ್ರಬಂಧವನ್ನು ಬರೆಯಲು ಕುಳಿತಾಗ ಅಂಥ ಒಂದು ಪ್ರಶ್ನೆಯೇ ಸಾಕು. ಅನುಭವವು ಕಡಿಮೆಯೆಂಬುದನ್ನು ಅಲಂಕಾರದಿಂದ ಮುಚ್ಚದೆ, ಕಂಡಷ್ಟನ್ನು ನೇರವಾಗಿ ಹೇಳಲಿ. ಪ್ರಯೋಗಶಾಲೆಯ ಗುರುಗಳ ಪತ್ರಗಳ ಜೊತೆಗೆ, ಅವಳನ್ನು ರೋಗಿಗಳ ನಡುವೆ ಕಂಡ ವೈದ್ಯರೊಬ್ಬರ ಪತ್ರವೂ ಇರಲಿ.

ಒಂದು ವರ್ಷ ತಡವಾಗುವುದೆಂದು ಪೋಷಕರು ಕಳವಳಗೊಳ್ಳುವುದನ್ನು ನಾವು ಬಲ್ಲೆವು, ವಿವಾಹದ ಮಾತು ಬಂದಾಗ ವಿಶೇಷವಾಗಿ. ಎಂಟು ವರ್ಷಗಳ ಓದಿನ ಮುಂದೆ ಆ ಒಂದು ವರ್ಷವು ದೊಡ್ಡದಲ್ಲ. ಆ ವರ್ಷದಲ್ಲಿ ಮಗಳಿಗೆ ಪ್ರಯೋಗಶಾಲೆಯೇ ಹೆಚ್ಚು ಪ್ರಿಯವೆಂದು ತೋರಿದರೆ ಅದೂ ಲಾಭವೇ. ೧೯೩೩ರಲ್ಲಿ ವಿಜ್ಞಾನ ಮಂದಿರದಲ್ಲಿ ಹೆಂಗಸೆಂಬ ಕಾರಣದಿಂದ ಮೊದಲು ನಿರಾಕರಿಸಲ್ಪಟ್ಟು, ಪಟ್ಟುಹಿಡಿದು ಪ್ರವೇಶ ಪಡೆದ ಕಮಲಾ ಸೊಹೊನಿಯವರು ೧೯೩೯ರಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ. ಗಳಿಸಿದರು; ವೈದ್ಯಪದವಿಯಿಲ್ಲದೆಯೇ ಬಡಮಕ್ಕಳ ಪೋಷಣೆಗೆ ಒದಗುವ ಶೋಧಗಳನ್ನು ಮಾಡಿದರು. ಎರಡು ಪದವಿಗಳನ್ನು ಜೋಡಿಯಾಗಿಯೇ ಪಡೆಯಬೇಕೆಂಬ ನಿಯಮವೂ ಇಲ್ಲ. ಐಡಾ ಸ್ಕಡರ್ ಅವರು ೧೯೧೮ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ತೆರೆದ ಪಾಠಶಾಲೆಯಿಂದ ಬೆಳೆದ ಆ ವೆಲ್ಲೂರು ಕಾಲೇಜಿನಲ್ಲಿಯೇ ಗಗನ್‌ದೀಪ್ ಕಾಂಗ್ ಅವರು ೧೯೮೭ರಲ್ಲಿ ಎಂ.ಬಿ.ಬಿ.ಎಸ್., ೧೯೯೧ರಲ್ಲಿ ಎಂ.ಡಿ., ೧೯೯೮ರಲ್ಲಿ ಪಿಎಚ್.ಡಿ. ಮುಗಿಸಿ, ಮಕ್ಕಳ ಅತಿಸಾರದ ವಿಷಯದಲ್ಲಿ ದುಡಿದು, ೨೦೧೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು.

ಅಮೆರಿಕದ ಬಹುಪಾಲು ವಿದ್ಯಾಲಯಗಳ ಅರ್ಜಿಯು ಮೇ ತಿಂಗಳಲ್ಲಿ ತೆರೆಯುವುದು. ಜೂನ್ ತಿಂಗಳಲ್ಲಿ ಸಲ್ಲಿಸಿದವರು ಸೇರುವುದು ಮರುವರ್ಷದ ಬೇಸಗೆಯಲ್ಲಿ. ಆಸ್ಪತ್ರೆಗೆ ಬರೆಯುವ ಮೊದಲ ಕಾಗದವು ಅರ್ಜಿಯ ಜೂನ್ ತಿಂಗಳಿಗೆ ಒಂದು ವರ್ಷ ಮುಂಚಿತವಾಗಿ ಅಂಚೆಗೆ ಬಿದ್ದಿರಬೇಕು.