ಪಿತ್ತಕೋಶದ ಕಲ್ಲು: ಕೂತ ಜಾಗ ನೋಡಿ ಚಿಕಿತ್ಸೆ

ಪಿತ್ತಕೋಶ ಯಕೃತ್ತಿನ ಅಡಿಗೆ ಅಂಟಿಕೊಂಡಿರುವ ಪುಟ್ಟ ಚೀಲ. ಯಕೃತ್ತು ತಯಾರಿಸಿದ ಪಿತ್ತರಸವನ್ನು ಅದು ಕೂಡಿಟ್ಟುಕೊಂಡು, ಜಿಡ್ಡಿನ ಊಟ ಕರುಳಿಗೆ ಇಳಿದಾಗ ಹಿಂಡಿ ಹೊರಬಿಡುತ್ತದೆ. ರಸದಲ್ಲಿ ಕೊಲೆಸ್ಟ್ರಾಲ್ ಅಥವಾ ಬಿಲಿರುಬಿನ್ ಹೆಚ್ಚಾದರೆ ಹರಳುಗಟ್ಟಿ ಕಲ್ಲಾಗುತ್ತದೆ. ಚಿಕಿತ್ಸೆ ಯಾವುದು ಎಂಬುದು ಕಲ್ಲಿನ ಗಾತ್ರಕ್ಕಿಂತ ಹೆಚ್ಚಾಗಿ ಅದು ಕೂತ ಜಾಗವನ್ನು ಅವಲಂಬಿಸಿದೆ.

1. ನೋವಿನ ಗುರುತು
ಕರಿದದ್ದು, ಜಿಡ್ಡಿನದು ತಿಂದ ಮೇಲೆ, ಹೆಚ್ಚಾಗಿ ರಾತ್ರಿ ಹೊತ್ತು, ಮೇಲ್ಹೊಟ್ಟೆಯ ನಡುವೆ ಅಥವಾ ಬಲಕ್ಕೆ ನೋವು ಹಿಡಿಯುತ್ತದೆ. ಬಲ ಹೆಗಲಿಗೂ ಬೆನ್ನಿಗೂ ಹರಿದು, ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡಿ ಇಳಿಯುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ದಿನ ತಳ್ಳುವವರೇ ಹೆಚ್ಚು. ಜೊತೆಗೆ ಬೆವರು, ಎದೆ ಬಿಗಿತ, ಏದುಸಿರು ಇದ್ದರೆ ಹೃದಯದ ತೊಂದರೆ ಇರಬಹುದಾದ್ದರಿಂದ ಮೊದಲು ಇಸಿಜಿ ಆಗಬೇಕು.

2. ಸ್ಕ್ಯಾನಿಂಗ್
ಅಲ್ಟ್ರಾಸೌಂಡ್‌ಗೆ 6ರಿಂದ 8 ಗಂಟೆ ಏನನ್ನೂ ತಿನ್ನದೆ ಹೋಗಬೇಕು. ಹಾಲು ಬೆರೆಸಿದ ಕಾಫಿ ಕುಡಿದರೂ ಪಿತ್ತಕೋಶ ಕುಗ್ಗಿ, ಒಳಗಿನದು ಸರಿಯಾಗಿ ಕಾಣದು. ಎಕ್ಸ್‌ರೇಯಲ್ಲಿ ಬಹುಪಾಲು ಕಲ್ಲುಗಳು ಕಾಣುವುದೇ ಇಲ್ಲ. ಯಕೃತ್ತಿನ ರಕ್ತಪರೀಕ್ಷೆಯೂ ಅಗತ್ಯ. ಪಿತ್ತರಸ ಕರುಳಿಗೆ ಇಳಿಯುವ ನಾಳದಲ್ಲಿ ಕಲ್ಲಿರುವ ಅನುಮಾನ ಬಂದರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಮಾಡಿಸಲಾಗುತ್ತದೆ.

3. ಜಾಗಕ್ಕೆ ತಕ್ಕ ಚಿಕಿತ್ಸೆ
• ಕೋಶದಲ್ಲಿದ್ದು ತೊಂದರೆ ಕೊಡದ ಕಲ್ಲು: ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ.
• ಕೋಶದಲ್ಲಿದ್ದು ನೋವು ತರುವ ಕಲ್ಲು: ಲ್ಯಾಪರೊಸ್ಕೋಪಿಯಲ್ಲಿ, ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳ ಮೂಲಕ, ಕೋಶವನ್ನೇ ತೆಗೆಯಲಾಗುತ್ತದೆ. ಕಲ್ಲನ್ನಷ್ಟೇ ತೆಗೆದರೆ ಮತ್ತೆ ಕಟ್ಟಿಕೊಳ್ಳುವ ಸಂಭವ ಹೆಚ್ಚು.
• ಪಿತ್ತನಾಳಕ್ಕೆ ಜಾರಿದ ಕಲ್ಲು: ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಿಚು, ಮೈ ತುರಿಕೆ. ಬಾಯಿಯ ಮೂಲಕ ಕೊಳವೆ ಇಳಿಸುವ ಇಆರ್‌ಸಿಪಿಯಿಂದ ಅದನ್ನು ತೆಗೆಯುತ್ತಾರೆ.
• ನಾಳದ ತುದಿಯಲ್ಲಿ ಸಿಕ್ಕಿಕೊಂಡ ಕಲ್ಲು: ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲಿಯೇ ತೆರೆದುಕೊಳ್ಳುವುದರಿಂದ ಆ ಗ್ರಂಥಿ ಊದಿಕೊಳ್ಳಬಹುದು. ಬೆನ್ನಿಗೆ ತೂರುವ ತೀವ್ರ ನೋವು, ನಿಲ್ಲದ ವಾಂತಿ ಇದರ ಲಕ್ಷಣ. ರಕ್ತದಲ್ಲಿ ಲೈಪೇಸ್ ಎಂಬ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದರೆ ಅನುಮಾನ ಬಲವಾಗುತ್ತದೆ. ಆಸ್ಪತ್ರೆಗೆ ಸೇರಲೇಬೇಕು.

4. ತಡ ಮಾಡಬಾರದ ಸಂದರ್ಭ
ಆರು ಗಂಟೆ ಕಳೆದರೂ ಇಳಿಯದ ನೋವು, ಚಳಿಜ್ವರ, ಕಾಮಾಲೆ, ಮಂಕು ಕವಿಯುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಗೆ ಊರಿನ ಔಷಧಿ ಕುಡಿಸಿ ಕಾಯುವುದರಿಂದ ನಾಳದ ಸೋಂಕು ರಕ್ತಕ್ಕೆ ಹರಡಬಹುದು.

5. ಮನೆಮದ್ದು
ಮೂತ್ರಪಿಂಡದ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸಕ್ಕೂ ಪಿತ್ತಕೋಶಕ್ಕೂ ಸಂಬಂಧವಿಲ್ಲ. ಮೂತ್ರದ ದಾರಿ ಬೇರೆ, ಪಿತ್ತದ ದಾರಿ ಬೇರೆ. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದ ಮರುದಿನ ಮಲದಲ್ಲಿ ಕಾಣುವ ಹಸಿರು ಉಂಡೆಗಳು ಕಲ್ಲುಗಳಲ್ಲ. ಆ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಗಟ್ಟಿಯಾದದ್ದು.

6. ಶಸ್ತ್ರಚಿಕಿತ್ಸೆಯ ನಂತರ
ಕೋಶವಿಲ್ಲದಿದ್ದರೆ ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ಮೊದಲ ಕೆಲವು ವಾರ ಜಿಡ್ಡು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಉಂಡರೆ ಭೇದಿಯ ಕಾಟ ಕಡಿಮೆ. ತೆಗೆದ ಕೋಶದ ಬಯಾಪ್ಸಿ ವರದಿಯನ್ನು ಮರೆಯದೆ ಪಡೆದು ವೈದ್ಯರಿಗೆ ತೋರಿಸಬೇಕು. ಅಪರೂಪಕ್ಕೆ ಕ್ಯಾನ್ಸರ್ ಪತ್ತೆಯಾಗುವುದು ಆ ಹಾಳೆಯಲ್ಲೇ.